ಹರ್ಡಲ್ಸ್ ಫಲಿತಾಂಶದಲ್ಲಿ ಗಾಳಿ, ಎತ್ತರ, ಗಡಿಯಾರ ಮೂರನ್ನೂ ಅಚ್ಚು ಮಾಡಿ

ಮಾನ್ಯ ಸಂಪಾದಕರೇ,

ಆಗಸ್ಟ್ ಬಂತೆಂದರೆ ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟ, ಬೆನ್ನಿಗೇ ಜಿಲ್ಲಾ ಮಟ್ಟ, ಆಮೇಲೆ ದಸರಾ ಕ್ರೀಡಾಕೂಟ. ತಮ್ಮ ಪತ್ರಿಕೆಯ ಹುಬ್ಬಳ್ಳಿ ಆವೃತ್ತಿ ಈ ಫಲಿತಾಂಶಗಳನ್ನು ಮಕ್ಕಳ ಹೆಸರು, ಊರು ಸಮೇತ ತಪ್ಪದೇ ಕೊಡುತ್ತದೆ. ಅದಕ್ಕೆ ಧನ್ಯವಾದ. ನಮ್ಮ ತಕರಾರು ಹರ್ಡಲ್ಸ್, ಅಂದರೆ ಅಡೆತಡೆಗಳನ್ನು ಹಾರಿ ಓಡುವ ಓಟದ, ಸಾಲಿನ ಬಗ್ಗೆ ಮಾತ್ರ. ‘ಬಾಲಕಿಯರ 100 ಮೀ. ಹರ್ಡಲ್ಸ್, 15.80 ಸೆ.’ ಎಂದು ಅಚ್ಚಾದರೆ ಆ ಹುಡುಗಿ ಚೆನ್ನಾಗಿ ಓಡಿದಳೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ಹರ್ಡಲ್ 76.2 ಸೆಂ.ಮೀ. ಎತ್ತರದ್ದೋ, 83.8 ಸೆಂ.ಮೀ. ಎತ್ತರದ್ದೋ? ಸಮಯ ಹಿಡಿದದ್ದು ಸ್ಟಾಪ್‌ವಾಚಿನಲ್ಲೋ, ಫೋಟೊ ಫಿನಿಶ್ ಕ್ಯಾಮೆರಾದಲ್ಲೋ? ಗಾಳಿ ಎದುರಿಗಿತ್ತೋ, ಬೆನ್ನಿಗಿತ್ತೋ? ಮುಂದಿನ ವರ್ಷ ಅದೇ ಹುಡುಗಿ 16.10 ಓಡಿದರೆ ‘ಹಿಂದೆ ಬಿದ್ದಳು’ ಎಂದು ಮನೆಯವರು ಅಂದುಕೊಳ್ಳುತ್ತಾರೆ. ನಿಜದಲ್ಲಿ ಅವಳು ಮುಂದೆ ಹೋಗಿರಬಹುದು.

ಹರ್ಡಲ್ಸ್ ಓಟಗಾರ್ತಿಯ ಏಳಿಗೆಯನ್ನು ಹೇಗೆ ಓದಬೇಕು ಎನ್ನುವುದಕ್ಕೆ ಆಸ್ಟ್ರೇಲಿಯಾದ ಸ್ಯಾಲಿ ಪಿಯರ್ಸನ್ ಅವರ ದಾಖಲೆಯಷ್ಟು ಸ್ಪಷ್ಟ ಉದಾಹರಣೆ ಇನ್ನೊಂದಿಲ್ಲ. 2019ರಲ್ಲಿ ಅವರು ನಿವೃತ್ತರಾದ್ದರಿಂದ ಲೆಕ್ಕ ಪೂರ್ತಿಯಾಗಿದೆ. ಮೊದಲಿನಿಂದ ಕೊನೆಯವರೆಗೆ ನೋಡಬಹುದು. ನಮ್ಮಲ್ಲಿ ಆಸ್ಟ್ರೇಲಿಯಾದ ಹರ್ಡಲ್ಸ್ ಎಂದರೆ 2012ರ ಬಾರ್ಸಿಲೋನಾ ಜೂನಿಯರ್ (20ರ ಒಳಗಿನವರ) ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಓಟಕ್ಕೆ ಮುಂಚೆ ಕುಣಿದ ಮಿಷೆಲ್ ಜೆನೆಕೆ ವಿಡಿಯೊ ಮಾತ್ರ ಎಲ್ಲರ ಫೋನಿಗೂ ಬಂದಿದೆ. ಜೆನೆಕೆ ಒಳ್ಳೆಯ ಓಟಗಾರ್ತಿಯೇ. ಆದರೆ ಅದೇ ವರ್ಷ ಲಂಡನ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಪಿಯರ್ಸನ್ ಓಟವನ್ನು ನೋಡಿದವರು ಇಲ್ಲಿ ಬೆರಳೆಣಿಕೆಯಷ್ಟು.

ಸ್ಯಾಲಿ ಹುಟ್ಟಿದ್ದು 1986ರ ಸೆಪ್ಟೆಂಬರ್‌ನಲ್ಲಿ, ಸಿಡ್ನಿಯಲ್ಲಿ; ಬೆಳೆದದ್ದು ಗೋಲ್ಡ್ ಕೋಸ್ಟ್‌ನಲ್ಲಿ. ಮದುವೆಗೆ ಮುಂಚಿನ ಹೆಸರು ಮೆಕ್‌ಲೆಲನ್. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಆಗಿನ ಫಲಿತಾಂಶದಲ್ಲಿ ಪಿಯರ್ಸನ್ ಎಂದು ಹುಡುಕಿದರೆ ಸಿಗುವುದಿಲ್ಲ, ಹಳೆಯ ಪಟ್ಟಿಗಳಲ್ಲೆಲ್ಲ ಮೆಕ್‌ಲೆಲನ್ ಎಂದೇ ಇದೆ. ಶಾಲೆಯ ದಿನಗಳಿಂದ 2013ರವರೆಗೆ ಅವರಿಗೆ ಒಬ್ಬರೇ ಕೋಚ್, ಶರಾನ್ ಹಾನನ್. 2003ರಲ್ಲಿ ಕೆನಡಾದ ಶೆರ್‌ಬ್ರೂಕ್‌ನಲ್ಲಿ ನಡೆದ ವಿಶ್ವ ಯೂತ್ (18ರ ಒಳಗಿನವರ) ಚಾಂಪಿಯನ್‌ಷಿಪ್‌ನಲ್ಲಿ 100 ಮೀ. ಹರ್ಡಲ್ಸ್ ಚಿನ್ನ. ಆಗ ವಯಸ್ಸು 16. ಮರುವರ್ಷ ಇಟಲಿಯ ಗ್ರೊಸೆಟೊದಲ್ಲಿ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್, ಅಲ್ಲಿ ಕಂಚು.

ಚಿನ್ನದಿಂದ ಕಂಚಿಗೆ ಇಳಿದರಲ್ಲ ಎನ್ನುವವರು ಎತ್ತರ ನೋಡಬೇಕು. ಯೂತ್ ವಿಭಾಗದ ಹುಡುಗಿಯರ ಹರ್ಡಲ್ 76.2 ಸೆಂ.ಮೀ., ಜೂನಿಯರ್ ಮತ್ತು ಸೀನಿಯರ್‌ಗೆ 83.8 ಸೆಂ.ಮೀ. ಅಂತರದಲ್ಲಿ ವ್ಯತ್ಯಾಸವಿಲ್ಲ: ಸ್ಟಾರ್ಟ್ ಗೆರೆಯಿಂದ ಮೊದಲ ಹರ್ಡಲ್‌ಗೆ 13 ಮೀಟರ್, ನಡುವೆ 8.5 ಮೀಟರ್, ಕೊನೆಯದರಿಂದ ಫಿನಿಶ್‌ಗೆ 10.5 ಮೀಟರ್. ಬದಲಾಗುವುದು 7.6 ಸೆಂ.ಮೀ. ಎತ್ತರ ಮಾತ್ರ. ಆದರೆ ಸೊಂಟವನ್ನು ಅಷ್ಟು ಮೇಲೆ ಒಯ್ಯಬೇಕಾದ್ದರಿಂದ ಹಾರುವ ಜಾಗ, ಇಳಿಯುವ ಜಾಗ, ನಡುವಿನ ಮೂರು ಹೆಜ್ಜೆ ಎಲ್ಲವೂ ಕದಲುತ್ತವೆ. 76.2ರಲ್ಲಿ ಓಡಿದ ಸಮಯವನ್ನೂ 83.8ರಲ್ಲಿ ಓಡಿದ ಸಮಯವನ್ನೂ ಒಂದೇ ಪಟ್ಟಿಯಲ್ಲಿ ಬರೆಯುವುದೇ ತಪ್ಪು. ಎಷ್ಟೋ ಯೂತ್ ಚಾಂಪಿಯನ್ನರ ಹೆಸರು ಆಮೇಲೆ ಕೇಳಿಬರದಿರುವುದಕ್ಕೆ ಈ 7.6 ಸೆಂ.ಮೀ. ದೊಡ್ಡ ಕಾರಣ.

2006ರ ಮೆಲ್ಬರ್ನ್ ಕಾಮನ್‌ವೆಲ್ತ್ ಕೂಟದ ಫೈನಲ್‌ನಲ್ಲಿ ತವರಿನ ಜನರೆದುರು ಹರ್ಡಲ್‌ಗೆ ತಾಗಿ ಬಿದ್ದರು. 2008ರ ಬೀಜಿಂಗ್‌ನಲ್ಲಿ 12.64ರಲ್ಲಿ ಬೆಳ್ಳಿ. ಕಂಚು ಗೆದ್ದ ಕೆನಡಾದ ಪ್ರಿಸಿಲಾ ಲೋಪ್ಸ್ ಅವರದೂ 12.64, ಫೋಟೊ ನೋಡಿ ಬೇರೆ ಮಾಡಿದರು. ಆ ಓಟದಲ್ಲಿ ಮುಂದಿದ್ದ ಅಮೆರಿಕದ ಲೋಲೊ ಜೋನ್ಸ್ ಒಂಬತ್ತನೇ ಹರ್ಡಲ್‌ಗೆ ಕಾಲು ತಾಗಿಸಿಕೊಂಡು ಏಳನೆಯವರಾದರು, ಚಿನ್ನ ಡಾನ್ ಹಾರ್ಪರ್ ಪಾಲಾಯಿತು. 2009ರಲ್ಲಿ ಸ್ಯಾಲಿ ಮೊನಾಕೊದಲ್ಲಿ 12.50 ಓಡಿದರು, ಬರ್ಲಿನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಾತ್ರ ಐದನೇ ಸ್ಥಾನ. 2010ರ ದೆಹಲಿ ಕಾಮನ್‌ವೆಲ್ತ್ ಕೂಟ ನಮ್ಮ ಓದುಗರಿಗೆ ನೆನಪಿರಬಹುದು. 100 ಮೀಟರ್ ಓಟದಲ್ಲಿ ಮೊದಲು ಗೆರೆ ಮುಟ್ಟಿದರೂ ಫಾಲ್ಸ್ ಸ್ಟಾರ್ಟ್ ಎಂದು ಅನರ್ಹರಾದರು, ಕೆಲವೇ ದಿನಗಳಲ್ಲಿ ಅದೇ ಟ್ರ್ಯಾಕ್‌ನಲ್ಲಿ ಹರ್ಡಲ್ಸ್ ಚಿನ್ನ ಗೆದ್ದರು.

ಆಮೇಲೆ 2011, ದಕ್ಷಿಣ ಕೊರಿಯಾದ ಡೇಗು: 12.28 ಸೆಕೆಂಡ್, ಗಾಳಿ +1.1 (ಬೆನ್ನಿಗೆ, ಸೆಕೆಂಡಿಗೆ 1.1 ಮೀಟರ್). ಅಲ್ಲಿಯವರೆಗಿನ ಇತಿಹಾಸದಲ್ಲಿ ಅವರಿಗಿಂತ ವೇಗವಾಗಿ ಓಡಿದವರು ಮೂವರೇ. 1988ರಲ್ಲಿ ಬಲ್ಗೇರಿಯಾದ ಯೊರ್ಡಾಂಕಾ ಡೊಂಕೋವಾ ಬರೆದ 12.21 ಆಗಿನ್ನೂ ವಿಶ್ವದಾಖಲೆಯಾಗಿತ್ತು. ಯೂತ್ ಚಿನ್ನಕ್ಕೂ ಸೀನಿಯರ್ ವಿಶ್ವ ಚಿನ್ನಕ್ಕೂ ನಡುವೆ ಎಂಟು ವರ್ಷ. ಬೀಜಿಂಗ್ ಫೈನಲ್‌ನ 12.64ರಿಂದ 12.28ಕ್ಕೆ ಬರಲು ಮೂರು ವರ್ಷ. ಆ 0.36 ಸೆಕೆಂಡನ್ನು ಹತ್ತು ಹರ್ಡಲ್‌ಗೆ ಹಂಚಿದರೆ ಒಂದೊಂದಕ್ಕೆ 0.036, ಕಣ್ಣಿಗೆ ಕಾಣದಷ್ಟು. ಹೀಗಾಗಿ ‘ಈ ವರ್ಷ ಅವಳ ಓಟದಲ್ಲಿ ಏನೂ ಬದಲಾವಣೆ ಕಾಣಲಿಲ್ಲ’ ಎಂದು ಬರಿಗಣ್ಣಿನಿಂದ ತೀರ್ಪು ಕೊಡುವ ಕೋಚ್ ಮಾತನ್ನು ನಂಬಬೇಕಿಲ್ಲ.

2012ರ ಲಂಡನ್ ಒಲಿಂಪಿಕ್ಸ್ ಫೈನಲ್: 12.35, ಆಗಿನ ಒಲಿಂಪಿಕ್ ದಾಖಲೆ. ಬೆಳ್ಳಿ ಡಾನ್ ಹಾರ್ಪರ್‌ಗೆ, 12.37. ಪತ್ರಿಕೆಯಲ್ಲಿ ಸಮಯ ಮಾತ್ರ ಓದಿದವರಿಗೆ ಡೇಗುಗಿಂತ ಲಂಡನ್ ಓಟ 0.07 ನಿಧಾನ. ಗಾಳಿ ಸೇರಿಸಿ ಓದಿ. ಡೇಗುನಲ್ಲಿ ಬೆನ್ನಿಗೆ 1.1 ಮೀಟರ್, ಲಂಡನ್‌ನಲ್ಲಿ ಎದುರಿಗೆ 0.2 ಮೀಟರ್. ಸೆಕೆಂಡಿಗೆ 2 ಮೀಟರ್ ವೇಗದ ಬೆನ್ನುಗಾಳಿ 100 ಮೀಟರ್‌ನಲ್ಲಿ ಸುಮಾರು ಹತ್ತನೇ ಒಂದು ಸೆಕೆಂಡಿನಷ್ಟು ನೆರವು ಕೊಡುತ್ತದೆ ಎಂಬ ಅಂದಾಜು ಇಟ್ಟುಕೊಂಡರೆ ಎರಡೂ ಓಟ ಹೆಚ್ಚುಕಡಿಮೆ ಸಮ. ನಾವು ಕೇಳುತ್ತಿರುವ ಬದಲಾವಣೆ ಇಷ್ಟೇ: ಆ ಒಂದು ಅಂಕಿ ಪಕ್ಕದಲ್ಲಿ ಇರಲಿ.

ಮುಂದಿನ ವರ್ಷಗಳು ಏರಿಳಿತದವು. 2013 ಮಾಸ್ಕೊ, 12.50ರಲ್ಲಿ ಬೆಳ್ಳಿ. 2014 ಗ್ಲಾಸ್ಗೊ ಕಾಮನ್‌ವೆಲ್ತ್ ಚಿನ್ನ. 2015ರ ಜೂನ್‌ನಲ್ಲಿ ರೋಮ್‌ನಲ್ಲಿ ಹರ್ಡಲ್‌ಗೆ ತಾಗಿ ಬಿದ್ದು ಮಣಿಕಟ್ಟಿನ ಮೂಳೆ ಚೂರಾಯಿತು. 2016ರಲ್ಲಿ ತೊಡೆಯ ಹಿಂಭಾಗದ ಸ್ನಾಯು, ಅಂದರೆ ಹ್ಯಾಮ್‌ಸ್ಟ್ರಿಂಗ್, ಕೈಕೊಟ್ಟು ರಿಯೊ ಒಲಿಂಪಿಕ್ಸೇ ತಪ್ಪಿತು. 2017ರಲ್ಲಿ ತಾವೇ ತಮ್ಮ ಕೋಚ್ ಆಗಿ ಲಂಡನ್ ವಿಶ್ವ ಚಾಂಪಿಯನ್‌ಷಿಪ್‌ಗೆ ಬಂದು 12.59ರಲ್ಲಿ ಚಿನ್ನ ಗೆದ್ದರು. 2018ರಲ್ಲಿ ತವರೂರು ಗೋಲ್ಡ್ ಕೋಸ್ಟ್‌ನಲ್ಲೇ ಕಾಮನ್‌ವೆಲ್ತ್ ಕೂಟ. ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜಿನ ತೊಂದರೆಯಿಂದ ಹಿಂದೆ ಸರಿದರು. ಮರುವರ್ಷ ನಿವೃತ್ತಿ, 32ನೇ ವಯಸ್ಸಿಗೆ. ಸಮಯ ಒಂದನ್ನೇ ಪಟ್ಟಿ ಮಾಡಿದರೆ 2011ರ ನಂತರ ಇಳಿಜಾರು. 2017ರ 12.59, 2009ರ 12.50ಕ್ಕಿಂತಲೂ ನಿಧಾನ. ಆದರೆ 12.50 ಓಡಿದ ವರ್ಷ ವಿಶ್ವ ಕೂಟದಲ್ಲಿ ಐದನೇ ಸ್ಥಾನ, 12.59ಕ್ಕೆ ವಿಶ್ವ ಪಟ್ಟ. ಹೀಟ್ (ಮೊದಲ ಸುತ್ತು), ಸೆಮಿಫೈನಲ್, ಫೈನಲ್ ಮೂರನ್ನೂ ತಡೆದುಕೊಂಡು ಕೊನೆಯ ದಿನ ತಪ್ಪಿಲ್ಲದೆ ಓಡುವುದು ಬೇರೆಯೇ ಕೌಶಲ. ಯಾವ ಸುತ್ತಿನ ಸಮಯ ಎಂಬುದನ್ನೂ ಬರೆಯಿರಿ ಎನ್ನುವುದು ಇದೇ ಕಾರಣಕ್ಕೆ.

ನಮ್ಮ ದೇಶದ ಹರ್ಡಲ್ಸ್ ಓಟಗಾರ್ತಿ ಜ್ಯೋತಿ ಯರ್ರಾಜಿ ಪಟ್ಟ ಪಾಡು ನೋಡಿದರೆ ಈ ಅಂಕಿಗಳ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಅನುರಾಧಾ ಬಿಸ್ವಾಲ್ 2002ರಲ್ಲಿ ಓಡಿದ 13.38 ಇಪ್ಪತ್ತು ವರ್ಷ ರಾಷ್ಟ್ರೀಯ ದಾಖಲೆಯಾಗಿ ಉಳಿದಿತ್ತು. ಅದನ್ನು ಜ್ಯೋತಿ 2020ರ ಜನವರಿಯಲ್ಲೇ, ನಮ್ಮದೇ ರಾಜ್ಯದ ಮೂಡುಬಿದಿರೆಯಲ್ಲಿ, ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಮುರಿದಿದ್ದರು: 13.03. ಉದ್ದೀಪನ ಮದ್ದು ಪರೀಕ್ಷೆ ಆಗಿರಲಿಲ್ಲ, ಫೆಡರೇಷನ್ನಿನ ತಾಂತ್ರಿಕ ಪ್ರತಿನಿಧಿಯೂ ಇರಲಿಲ್ಲ ಎಂದು ದಾಖಲೆ ಮಾನ್ಯವಾಗಲಿಲ್ಲ. 2022ರ ಏಪ್ರಿಲ್‌ನಲ್ಲಿ ಕೋಯಿಕ್ಕೋಡ್‌ನಲ್ಲಿ 13.09, ಗಾಳಿ +2.1. ದಾಖಲೆ ಮಾನ್ಯವಾಗಲು ಮಿತಿ +2.0. ಸೆಕೆಂಡಿಗೆ ಹತ್ತು ಸೆಂಟಿಮೀಟರ್ ಹೆಚ್ಚಿನ ಗಾಳಿಗೆ ಅದೂ ಹೋಯಿತು. ಕೊನೆಗೆ ಮೇ ತಿಂಗಳಲ್ಲಿ ಸೈಪ್ರಸ್‌ನ ಲಿಮಸ್ಸೊಲ್‌ನಲ್ಲಿ 13.23 ಓಡಿದಾಗ ದಾಖಲೆ ಕೈಗೆ ಬಂತು. ಮೂರರಲ್ಲಿ ಅತ್ಯಂತ ನಿಧಾನದ ಓಟವೇ ದಾಖಲೆ ಪುಸ್ತಕ ಸೇರಿದ್ದು! ಅದೇ ವರ್ಷ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ 12.82 ಓಡಿ, 13 ಸೆಕೆಂಡಿನ ಒಳಗೆ ಮಾನ್ಯ ಸಮಯ ದಾಖಲಿಸಿದ ಮೊದಲ ಭಾರತೀಯ ಮಹಿಳೆಯಾದರು. 2023ರಲ್ಲಿ ಚೀನಾದ ಚೆಂಗ್ಡುವಿನಲ್ಲಿ 12.78. 2024ರ ಪ್ಯಾರಿಸ್‌ನಲ್ಲಿ ಒಲಿಂಪಿಕ್ 100 ಮೀ. ಹರ್ಡಲ್ಸ್‌ಗೆ ಇಳಿದ ಮೊದಲ ಭಾರತೀಯ ಮಹಿಳೆಯೂ ಅವರೇ.

ಗಾಳಿ ಅಳೆಯುವ ಕ್ರಮ ಕಷ್ಟದ್ದಲ್ಲ. ವಿಂಡ್ ಗೇಜನ್ನು ಫಿನಿಶ್ ಗೆರೆಯಿಂದ 50 ಮೀಟರ್ ಹಿಂದೆ, ಒಂದನೇ ಲೇನಿನ ಪಕ್ಕ ಟ್ರ್ಯಾಕಿನಿಂದ 2 ಮೀಟರ್ ಮೀರದಷ್ಟು ದೂರದಲ್ಲಿ, ನೆಲದಿಂದ 1.22 ಮೀಟರ್ ಎತ್ತರದಲ್ಲಿ ಇಡಬೇಕು. 100 ಮೀ. ಓಟಕ್ಕೆ 10 ಸೆಕೆಂಡ್, 100 ಮತ್ತು 110 ಮೀ. ಹರ್ಡಲ್ಸ್‌ಗೆ 13 ಸೆಕೆಂಡ್ ಅಳೆಯಬೇಕು, ಸ್ಟಾರ್ಟರ್ ಪಿಸ್ತೂಲಿನ ಹೊಗೆ ಕಂಡ ಕ್ಷಣದಿಂದ. ಗೇಜ್ ಮುಂದೆ ವಾಲಂಟಿಯರ್‌ಗಳು ಗುಂಪುಗಟ್ಟಿ ನಿಂತರೆ ಅಳತೆಗೆ ಅರ್ಥವಿಲ್ಲ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ನಿಲ್ಲಿಸಿ ಕರೆಂಟು ತೆಗೆಯುವಷ್ಟು ಗಾಳಿ ಇರುವ ಗದಗ ಜಿಲ್ಲೆಯಲ್ಲಿ ಶಾಲಾ ಕೂಟಕ್ಕೆ ಗಾಳಿ ಅಳೆಯುವ ಉಪಕರಣ ಬರುವುದು ಅಪರೂಪ. ಇಲ್ಲದಿದ್ದರೆ ‘ಗಾಳಿ ಅಳೆದಿಲ್ಲ’ ಎಂದು ಬರೆದರೂ ಸಾಕು, ಅದೂ ಮಾಹಿತಿಯೇ. ಇನ್ನೊಂದು ಮಾತು. ಬೆನ್ನುಗಾಳಿ ಹರ್ಡಲ್ಸ್‌ನಲ್ಲಿ ಯಾವಾಗಲೂ ಉಪಕಾರವಲ್ಲ. ಹೆಜ್ಜೆ ತಾನಾಗಿ ಉದ್ದವಾಗಿ ಹರ್ಡಲ್ ಮೈಮೇಲೆ ಬಂದಂತಾಗುತ್ತದೆ. ಏಳನೇ ಎಂಟನೇ ಹರ್ಡಲ್‌ಗೆ ಕಾಲು ತಾಗುವುದು ಇಂಥ ದಿನಗಳಲ್ಲೇ ಹೆಚ್ಚು.

ಇನ್ನು ಗಡಿಯಾರ. ನಮ್ಮ ಕೂಟಗಳಲ್ಲಿ ಬಹುತೇಕ ಸ್ಟಾಪ್‌ವಾಚೇ. ನಿಯಮದ ಪ್ರಕಾರ ಕೈಯಲ್ಲಿ ಹಿಡಿದ ಸಮಯವನ್ನು ಮುಂದಿನ ಹತ್ತನೇ ಭಾಗಕ್ಕೆ ಏರಿಸಿ ಬರೆಯಬೇಕು. ವಾಚು 15.82 ತೋರಿಸಿದರೆ 15.9. ಮೂರು ವಾಚು ಮೂರು ಸಮಯ ತೋರಿಸಿದರೆ ನಡುವಿನದು. ಎರಡೇ ವಾಚಿದ್ದರೆ ಹೆಚ್ಚಿನದು. ಹಾಗಾದರೆ 15.80 ಎಂಬ ಕೈ ಸಮಯವೇ ಇರಲು ಸಾಧ್ಯವಿಲ್ಲ. ಎರಡು ದಶಾಂಶ ಕಂಡರೆ ಓದುಗ ಅದನ್ನು ಕ್ಯಾಮೆರಾ ಸಮಯ ಎಂದೇ ತಿಳಿಯುತ್ತಾನೆ. 100 ಮೀ. ಹರ್ಡಲ್ಸ್‌ನಲ್ಲಿ ಕೈ ಸಮಯಕ್ಕೆ 0.24 ಸೇರಿಸಿ ಹೋಲಿಸುವುದು ರೂಢಿ: 15.8 ಎಂದರೆ ಕ್ಯಾಮೆರಾದಲ್ಲಿ ಸುಮಾರು 16.04. ಇದಕ್ಕಿಂತ ದೊಡ್ಡ ತಪ್ಪು ಸದ್ದು ಕೇಳಿ ವಾಚು ಒತ್ತುವುದು. ಸದ್ದು 100 ಮೀಟರ್ ಬರಲು ಸುಮಾರು 0.3 ಸೆಕೆಂಡ್ ಬೇಕು. ಅಷ್ಟೂ ಮಕ್ಕಳ ಸಮಯದಿಂದ ಮಾಯವಾಗುತ್ತದೆ. ಪಿಸ್ತೂಲಾದರೆ ಹೊಗೆ, ಮರದ ಕ್ಲಾಪರ್ ಆದರೆ ಅದರ ಎರಡು ಹಲಗೆ ಕೂಡುವುದನ್ನು ನೋಡಿ ಒತ್ತಬೇಕು. ಸೀಟಿ ಊದಿ ಓಡಿಸಿದರೆ ನೋಡಲು ಏನೂ ಇರುವುದಿಲ್ಲ. ಆ ಸಮಯವನ್ನು ಅಚ್ಚು ಮಾಡದಿರುವುದೇ ಲೇಸು, ಸ್ಥಾನ ಮಾತ್ರ ಕೊಡಿ.

ನೂರನೇ ಒಂದು ಸೆಕೆಂಡಿಗೆ ಇಷ್ಟು ರಾದ್ಧಾಂತವೇ ಎಂದು ಕೇಳುವವರಿಗೆ 1984ರ ಲಾಸ್ ಏಂಜಲಿಸ್ ನೆನಪಿಸಬೇಕು. 400 ಮೀ. ಹರ್ಡಲ್ಸ್ ಫೈನಲ್‌ನಲ್ಲಿ ಪಿ.ಟಿ. ಉಷಾ 55.42, ಕಂಚು ಗೆದ್ದ ರುಮೇನಿಯಾದ ಓಟಗಾರ್ತಿ 55.41. ಅದೇ ಓಟದಲ್ಲಿ ಉಷಾ ಹಿಂದೆ ಆರನೆಯವರಾಗಿ ಬಂದವರು ಆಸ್ಟ್ರೇಲಿಯಾದ ಡೆಬಿ ಫ್ಲಿಂಟಾಫ್. ನಾಲ್ಕು ವರ್ಷದ ನಂತರ ಸೋಲ್‌ನಲ್ಲಿ ಫ್ಲಿಂಟಾಫ್-ಕಿಂಗ್ ಹೆಸರಿನಲ್ಲಿ ಓಡಿ 53.17ರಲ್ಲಿ ಚಿನ್ನ ಗೆದ್ದರು, ಎರಡನೆಯವರಿಗಿಂತ 0.01 ಮುಂದೆ.

ಗಾಳಿ, ಗಡಿಯಾರ ಸರಿಯಾದರೂ ಹರ್ಡಲ್ ಇಡುವುದು ತಪ್ಪಿದರೆ ಎಲ್ಲ ಲೆಕ್ಕವೂ ಹಾಳು. ಸಿಂಥೆಟಿಕ್ ಟ್ರ್ಯಾಕಿನಲ್ಲಿ ಗುರುತು ಬಣ್ಣದಲ್ಲಿ ಇರುತ್ತದೆ. ಹಾವೇರಿ, ಗದಗ, ಧಾರವಾಡ ಜಿಲ್ಲೆಗಳ ಬಹುಪಾಲು ತಾಲ್ಲೂಕು ಕೂಟಗಳು ಗರಸು ಹಾಕಿ ರೋಲರ್ ಹೊಡೆದ ನೆಲದ ಮೇಲೆ ನಡೆಯುತ್ತವೆ. ಅಲ್ಲಿ ಟೇಪು ಹಿಡಿದು ಸುಣ್ಣ ಹಾಕಬೇಕು. ಸಾಮಾನ್ಯವಾಗಿ ಮಾಡುವ ತಪ್ಪು: 8.5 ಮೀಟರ್ ಉದ್ದದ ಹಗ್ಗ ಕತ್ತರಿಸಿಕೊಂಡು ಒಂದು ಹರ್ಡಲ್‌ನಿಂದ ಇನ್ನೊಂದಕ್ಕೆ ಅಳೆಯುತ್ತಾ ಹೋಗುವುದು. ಪ್ರತಿ ಸಲ 3 ಸೆಂ.ಮೀ. ತಪ್ಪಿದರೂ ಹತ್ತನೇ ಹರ್ಡಲ್ ಹೊತ್ತಿಗೆ 27 ಸೆಂ.ಮೀ. ಆಚೀಚೆ ಆಗುತ್ತದೆ, ಹಗ್ಗ ಒದ್ದೆಯಾಗಿದ್ದರೆ ಕೇಳುವುದೇ ಬೇಡ. 100 ಮೀಟರ್ ಸ್ಟೀಲ್ ಟೇಪನ್ನು ಸ್ಟಾರ್ಟ್ ಗೆರೆಯಿಂದ ಫಿನಿಶ್‌ವರೆಗೆ ಬಿಗಿಯಾಗಿ ಹಾಸಿ, ಎತ್ತದೆ, ಈ ಜಾಗಗಳಿಗೆ ಗುರುತು ಹಾಕಿ: 13, 21.5, 30, 38.5, 47, 55.5, 64, 72.5, 81, 89.5. ಇದನ್ನು ಒಂದನೇ ಲೇನಿನಲ್ಲೂ ಕೊನೆಯ ಲೇನಿನಲ್ಲೂ ಮಾಡಿ, ನಡುವೆ ದಾರ ಎಳೆದರೆ ಎಲ್ಲ ಲೇನೂ ಒಂದೇ ಸಾಲಿಗೆ ಬರುತ್ತವೆ. ಚಿಕ್ಕವರ 80 ಮೀ. ಹರ್ಡಲ್ಸ್‌ಗೆ ಮೊದಲ ಹರ್ಡಲ್ 12 ಮೀಟರ್‌ಗೆ, ನಡುವೆ 8 ಮೀಟರ್, ಒಟ್ಟು ಎಂಟು ಹರ್ಡಲ್, ಕೊನೆಗೆ 12 ಮೀಟರ್. ಹರ್ಡಲ್ ಇಡುವಾಗ ಓಡಿ ಬರುವವರ ಕಡೆಗಿರುವ ಮೇಲುಪಟ್ಟಿಯ ಅಂಚು ಗುರುತಿನ ಮೇಲೆ ಬರಬೇಕು, ಕಾಲಿನ ತುದಿಯಲ್ಲ.

ಹರ್ಡಲ್‌ನ ಉದ್ದ ಕಾಲುಗಳು ಓಡಿ ಬರುವವರ ಕಡೆಗೇ ಇರಬೇಕು. ಆಗ ತಾಗಿದರೆ ಅದು ಮುಂದಕ್ಕೆ ಮಗುಚುತ್ತದೆ. ತಿರುಗಿಸಿ ಇಟ್ಟರೆ ಹರ್ಡಲ್ ಬೀಳುವುದಿಲ್ಲ, ಹುಡುಗಿ ಬೀಳುತ್ತಾಳೆ. ಅವಸರದಲ್ಲಿ ಒಂದು ಲೇನಿನಲ್ಲಿ ಒಂದೆರಡು ತಿರುಗಿರುವುದು ನಮ್ಮ ಕೂಟಗಳಲ್ಲಿ ಕಾಣಸಿಗುತ್ತದೆ. ಓಟಕ್ಕೆ ಮುಂಚೆ ಒಬ್ಬರು ಸ್ಟಾರ್ಟ್ ಗೆರೆಯಿಂದ ಫಿನಿಶ್‌ವರೆಗೆ ನಡೆದು ನೋಡಿದರೆ ಎರಡು ನಿಮಿಷದ ಕೆಲಸ. ಇದಕ್ಕಿಂತ ಅಪಾಯ ಊರ ವೆಲ್ಡಿಂಗ್ ಶಾಪಿನಲ್ಲಿ ಎರಡೂ ಕಡೆ ಕಾಲು ಕೊಟ್ಟು ಮಾಡಿಸಿದ ಹರ್ಡಲ್. ಗಟ್ಟಿಮುಟ್ಟಾಗಿರಲಿ ಎಂದು ಹಾಗೆ ಮಾಡಿಸುತ್ತಾರೆ. ಹರ್ಡಲ್ ಗಟ್ಟಿಮುಟ್ಟಾಗಿ ನಿಲ್ಲಬಾರದು ಎಂಬುದೇ ಅದರ ವಿನ್ಯಾಸದ ಉದ್ದೇಶ. ಮಾಡಿಸುವುದಾದರೆ ಪಕ್ಕದಿಂದ ನೋಡಿದಾಗ ಕಾಲೂ ಕಂಬವೂ ‘ಎಲ್’ ಆಕಾರದಲ್ಲಿರಲಿ. ಅಗಲ 1.18ರಿಂದ 1.20 ಮೀಟರ್, ಕಾಲಿನ ಉದ್ದ 70 ಸೆಂ.ಮೀ. ಮೀರದಂತೆ, ಒಟ್ಟು ತೂಕ 10 ಕಿಲೊಗಿಂತ ಕಡಿಮೆ ಇಲ್ಲದಂತೆ. ಮೇಲುಪಟ್ಟಿ ಮರದ್ದಾಗಿರಲಿ, ಅಂಚು ಉಜ್ಜಿ ದುಂಡಗೆ ಮಾಡಿರಲಿ. ಕಬ್ಬಿಣದ ಪಟ್ಟಿ ಬೇಡವೇ ಬೇಡ.

ಅಸಲಿ ಹರ್ಡಲ್‌ನ ಕಾಲಿನೊಳಗೆ ಸರಿಯುವ ತೂಕ ಇರುತ್ತದೆ. ಎತ್ತರ ಬದಲಿಸಿದಾಗಲೆಲ್ಲ ಅದನ್ನೂ ಆ ಎತ್ತರದ ಗುರುತಿಗೆ ಸರಿಸಬೇಕು. ನಮ್ಮಲ್ಲಿ ಎತ್ತರದ ಗುಂಡಿ ಒತ್ತಿ ಪಟ್ಟಿ ಏರಿಸಿ ಇಳಿಸುತ್ತಾರೆ, ತೂಕ ಮಾತ್ರ ಇದ್ದಲ್ಲೇ. ಹುಡುಗರ ಓಟಕ್ಕೆ ಏರಿಸಿದ್ದ ಹರ್ಡಲನ್ನು ತೂಕ ಸರಿಸದೆ ಹುಡುಗಿಯರಿಗೆ ಇಳಿಸಿದರೆ ಅದು ಬೀಳಲು ಬೇಕಾದ ಬಲ ಮಿತಿ ಮೀರುತ್ತದೆ. ನಿಯಮ ಹೇಳುವುದು ಮೇಲುಪಟ್ಟಿಯ ನಡುಮಧ್ಯ 3.6 ಕಿಲೊಗಿಂತ ಕಡಿಮೆಯಲ್ಲದ, 4 ಕಿಲೊ ಮೀರದ ಬಲಕ್ಕೆ ಮಗುಚಬೇಕು ಎಂದು. ಪರೀಕ್ಷಿಸಲು ದೊಡ್ಡ ಯಂತ್ರ ಬೇಡ. ಚೀಲ ತೂಗುವ ಕೊಂಡಿ ತಕ್ಕಡಿಯನ್ನು ಪಟ್ಟಿಯ ಮಧ್ಯಕ್ಕೆ ಸಿಕ್ಕಿಸಿ, ಓಡುವ ದಿಕ್ಕಿಗೆ ನೆಲಕ್ಕೆ ಸಮವಾಗಿ ಎಳೆದು, ಹಿಂಗಾಲು ಎದ್ದಾಗ ಮುಳ್ಳು ಎಲ್ಲಿದೆ ನೋಡಿದರಾಯಿತು. ನವಲಗುಂದ, ನರಗುಂದ ಕಡೆಯ ಎರೆ ನೆಲದಲ್ಲಿ ಮಳೆ ಬಿದ್ದ ಮೇಲೆ ಈ ಪರೀಕ್ಷೆ ಎರಡು ಸಲ ಮಾಡಿ. ಕಾಲು ಕೆಸರಲ್ಲಿ ಕಚ್ಚಿಕೊಂಡರೆ 4 ಕಿಲೊ ಎಂಬುದು ಎಲ್ಲಿಗೋ ಹೋಗುತ್ತದೆ. ಅಂಥ ದಿನ ಹರ್ಡಲ್ಸ್ ಮುಂದೂಡುವುದೇ ಸರಿ.

ಆರು ಲೇನಿಗೆ 60 ಹರ್ಡಲ್ ಬೇಕು. ಇಲ್ಲದಿದ್ದರೆ ಮೂರೇ ಲೇನಿನಲ್ಲಿ ಸರದಿಯಂತೆ ಓಡಿಸಿ, ಸಮಯದ ಮೇಲೆ ಸ್ಥಾನ ಕೊಡಿ. ಎಂಟು ಹರ್ಡಲ್ ಇಟ್ಟು ‘100 ಮೀಟರ್ ಹರ್ಡಲ್ಸ್’ ಎಂದು ಕರೆಯಬೇಡಿ.

ಒಂದು ಹಳೆಯ ತಪ್ಪು ಕಲ್ಪನೆಯನ್ನೂ ಇಲ್ಲೇ ತಿದ್ದಬೇಕು. ‘ಹರ್ಡಲ್ ಬೀಳಿಸಿದರೆ ಔಟ್’ ಎಂದು ಮೈಕಿನಲ್ಲಿ ಕೂಗುವವರು ಈಗಲೂ ಇದ್ದಾರೆ. ಹಾಗಿಲ್ಲ. ಬೇಕೆಂದೇ ಕೆಡವಿದರೆ, ಪಕ್ಕದ ಲೇನಿನವರಿಗೆ ಅಡ್ಡಿ ಮಾಡಿದರೆ, ಅಥವಾ ಪಾದ ಹರ್ಡಲ್‌ನ ಪಕ್ಕದಿಂದ ಮೇಲುಪಟ್ಟಿಗಿಂತ ಕೆಳಗೆ ಹಾದುಹೋದರೆ ಮಾತ್ರ ಅನರ್ಹ. ಆ ಹೆದರಿಕೆಯಿಂದಲೇ ನಮ್ಮ ಮಕ್ಕಳು ಹರ್ಡಲ್ ಮೇಲೆ ಒಂದು ಗೇಣು ಜಾಗ ಬಿಟ್ಟು ಕುಪ್ಪಳಿಸುತ್ತಾರೆ. ಸ್ಯಾಲಿ ಪಿಯರ್ಸನ್ ವಿಡಿಯೊ ಇದ್ದರೆ ಡೇಗು ಫೈನಲ್ ನಿಧಾನಗತಿಯಲ್ಲಿ ತೋರಿಸಿ. ತಲೆ ಏರಿಳಿಯದೆ ಒಂದೇ ಗೆರೆಯಲ್ಲಿ ಸಾಗುತ್ತದೆ.

ಕುಪ್ಪಳಿಕೆಗೆ ಇನ್ನೊಂದು ಕಾರಣ ಹರ್ಡಲ್‌ಗೆ ತೀರಾ ಹತ್ತಿರ ಹೋಗಿ ಹಾರುವುದು. ಸುಮಾರು 2 ಮೀಟರ್ ಹಿಂದಿನಿಂದ ಹಾರಿ 1 ಮೀಟರ್ ಆಚೆ ಇಳಿಯಬೇಕು. ಒಂದೂವರೆ ಮೀಟರ್‌ನಿಂದ ಹಾರಿದರೆ ದೇಹ ಮೇಲಕ್ಕೇ ಹೋಗಬೇಕು, ಬೇರೆ ದಾರಿಯಿಲ್ಲ. ಇಳಿಯುವಾಗ ಹಿಮ್ಮಡಿ ಧಡ್ ಎಂದು ಬಡಿದು ವೇಗ ಸಾಯುತ್ತದೆ, ಮೂರು ಹೆಜ್ಜೆಯಲ್ಲಿ ಮುಂದಿನದು ಮುಟ್ಟದೆ ಐದಾಗುತ್ತದೆ. ಹರ್ಡಲ್‌ಗೆ 2 ಮೀಟರ್ ಹಿಂದೆ ಸುಣ್ಣದ ಗೆರೆ ಎಳೆದು ಅದರ ಮೇಲಿನಿಂದ ಹಾರುವ ರೂಢಿ ಮಾಡಿಸಿ. ಮುಂಗಾಲಿನ ಮಂಡಿ ಮೊದಲು ಏಳಬೇಕು, ಪಾದ ಆಮೇಲೆ ಚಾಚಿಕೊಳ್ಳುತ್ತದೆ. ಕಾಲನ್ನು ನೆಟ್ಟಗೆ ಬೀಸಿದರೆ ಎದೆ ಹಿಂದಕ್ಕೆ ವಾಲುತ್ತದೆ. ಹಿಂಗಾಲಿನ ಮಂಡಿ ಕಂಕುಳ ಹತ್ತಿರಕ್ಕೆ ಬಂದು, ಬೆರಳು ಹೊರಕ್ಕೆ ತಿರುಗಿರಬೇಕು, ಇಲ್ಲದಿದ್ದರೆ ಪಟ್ಟಿಗೆ ತಾಗುವುದು ಹೆಬ್ಬೆರಳೇ. ಸ್ಟಾರ್ಟ್‌ನಿಂದ ಮೊದಲ ಹರ್ಡಲ್‌ಗೆ ಎಂಟು ಹೆಜ್ಜೆ ಇಡುವವರು ಹಾರುವ ಕಾಲನ್ನು ಸ್ಟಾರ್ಟಿಂಗ್ ಬ್ಲಾಕಿನಲ್ಲಿ (ಹೊರಡುವಾಗ ಪಾದ ಒತ್ತುವ ಆಸರೆಯಲ್ಲಿ) ಮುಂದೆ ಇಡಬೇಕು. ಹಿಂದೆ ಇಟ್ಟರೆ ಎಂಟನೇ ಹೆಜ್ಜೆಗೆ ತಪ್ಪು ಕಾಲು ಬರುತ್ತದೆ. ಆಗ ಹುಡುಗಿ ಗಲಿಬಿಲಿಗೊಂಡು ನಡುವೆ ಒಂದು ಪುಟ್ಟ ಹೆಜ್ಜೆ ಸೇರಿಸುತ್ತಾಳೆ, ಕೋಚ್ ‘ಧೈರ್ಯ ಸಾಲದು’ ಎನ್ನುತ್ತಾರೆ.

76.2ರಿಂದ 83.8ಕ್ಕೆ ಏರಿಸುವಾಗ ಎತ್ತರವನ್ನೂ ಅಂತರವನ್ನೂ ಒಟ್ಟಿಗೆ ಹಿಗ್ಗಿಸಬೇಡಿ. ಮೊದಲು ಅಂತರವನ್ನು 8 ಮೀಟರ್‌ಗೆ ಇಳಿಸಿ ಹೊಸ ಎತ್ತರಕ್ಕೆ ಮೂರು ಹೆಜ್ಜೆಯ ತಾಳ ಕೂಡಿಸಿ. ತಾಳ ಕೂತ ಮೇಲೆ ಅರ್ಧ ಅರ್ಧ ಅಡಿಯಂತೆ 8.5ಕ್ಕೆ ಒಯ್ಯಿರಿ. ಮೂರು ಹೆಜ್ಜೆಯಲ್ಲಿ ಇಳಿದ ಕೂಡಲೇ ಇಡುವ ಮೊದಲನೆಯದು ಎಲ್ಲಕ್ಕಿಂತ ಚಿಕ್ಕದು, ಎರಡನೆಯದು ಉದ್ದ, ಮೂರನೆಯದು ಹಾರಲು ಅನುಕೂಲವಾಗುವಂತೆ ಸ್ವಲ್ಪ ಗಿಡ್ಡ. ಮೂರನ್ನೂ ಸಮ ಮಾಡಲು ಹೋದವರು ಹರ್ಡಲ್ ಕೆಳಗೆ ಸಿಕ್ಕಿಬೀಳುತ್ತಾರೆ.

ಏಳಿಗೆ ಅಳೆಯಲು ಈಗ ಎಲ್ಲರ ಕೈಯಲ್ಲೂ ಸಾಧನವಿದೆ. ಫೋನಿನ ಸ್ಲೋ ಮೋಷನ್ ಸೆಕೆಂಡಿಗೆ 240 ಚಿತ್ರ ತೆಗೆಯುತ್ತದೆ. ಐದನೇ ಹರ್ಡಲ್‌ಗೆ ಎದುರಾಗಿ ಬದಿಯಲ್ಲಿ ದೂರ ನಿಂತು ಓಟ ಪೂರ್ತಿ ಹಿಡಿಯಿರಿ. ಒಂದು ಹರ್ಡಲ್ ದಾಟಿ ಪಾದ ನೆಲ ಮುಟ್ಟಿದ ಚಿತ್ರದಿಂದ ಮುಂದಿನದನ್ನು ದಾಟಿ ಮುಟ್ಟಿದ ಚಿತ್ರದವರೆಗೆ ಎಣಿಸಿ, 240ರಿಂದ ಭಾಗಿಸಿ. 12.28ರ ಓಟದಲ್ಲಿ ಮೊದಲ ಹರ್ಡಲ್ ದಾಟಿ ಇಳಿಯಲು ಸುಮಾರು 2.5, ಕೊನೆಯ ಓಟಕ್ಕೆ ಸುಮಾರು 1.05 ಬಿಟ್ಟರೆ ಉಳಿದ ಒಂಬತ್ತು ಅಂತರಕ್ಕೆ ಸರಾಸರಿ 0.97 ಸೆಕೆಂಡ್, ಅಂದರೆ 233 ಚಿತ್ರ. 16 ಸೆಕೆಂಡ್ ಓಡುವ ನಮ್ಮ ಹುಡುಗಿಗೆ 2.9 ಮತ್ತು 1.4 ಬಿಟ್ಟರೆ ಸರಾಸರಿ 1.30, ಅಂದರೆ 312 ಚಿತ್ರ. ಒಂಬತ್ತರ ಪಟ್ಟಿ ಬರೆದರೆ ಸಂಖ್ಯೆ ಎಲ್ಲಿಂದ ಏರತೊಡಗುತ್ತದೆ ಎಂಬುದು ಎದ್ದು ಕಾಣುತ್ತದೆ. ಆರನೆಯದರ ನಂತರ ಏರಿದರೆ ದಮ್ಮಿನ, ಬಲದ ಕೊರತೆ. ಎರಡನೆಯದರಲ್ಲೇ ಏರಿದರೆ ಮೊದಲ ಹರ್ಡಲ್ ಕೆಟ್ಟಿದೆ. ಒಟ್ಟು ಸಮಯ ಬದಲಾಗದ ವರ್ಷದಲ್ಲೂ ಈ ಪಟ್ಟಿ ಸುಧಾರಿಸಿರಬಹುದು.

ಆದ್ದರಿಂದ ಸಂಪಾದಕರಲ್ಲಿ ಕೋರಿಕೆ: ಹರ್ಡಲ್ಸ್ ಫಲಿತಾಂಶವನ್ನು ‘100 ಮೀ. ಹರ್ಡಲ್ಸ್ 76.2 ಸೆಂ.ಮೀ., ಫೈನಲ್, 15.8 ಕೈ ಸಮಯ, ಗಾಳಿ ಅಳೆದಿಲ್ಲ’ ಎಂಬ ಮಾದರಿಯಲ್ಲಿ ಕೊಡಿ. ಅರ್ಧ ಸಾಲು ಹೆಚ್ಚು ಹಿಡಿಯುತ್ತದೆ, ಅಷ್ಟೆ. ವರದಿಗಾರರಿಗೆ ಈ ವಿವರ ಸಿಗಬೇಕಾದರೆ ಕೂಟದ ಫಲಿತಾಂಶ ಹಾಳೆಯಲ್ಲೇ ಎತ್ತರ, ಸುತ್ತು, ಗಡಿಯಾರ, ಗಾಳಿ ಎಂಬ ನಾಲ್ಕು ಕಲಂ ಇರಬೇಕು. ದೈಹಿಕ ಶಿಕ್ಷಕರ ಸಭೆಯಲ್ಲಿ ಈ ಆಗಸ್ಟ್‌ಗೆ ಮುಂಚೆ ಹಾಳೆಯ ಹೊಸ ನಮೂನೆ ಮಾಡಿಕೊಳ್ಳುವುದು ಕಷ್ಟವಲ್ಲ. ಹರ್ಡಲ್‌ಗಳನ್ನು ಗೋದಾಮಿನಿಂದ ಹೊರಗೆ ತೆಗೆಯುವ ದಿನವೇ ಕೊಂಡಿ ತಕ್ಕಡಿಯನ್ನೂ ಜೊತೆಗೆ ತರುವಂತೆ ಹೇಳಿ. ತುಕ್ಕು ಹಿಡಿದು ಸರಿಯದ ತೂಕಗಳಿಗೆ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಬೇಕಾಗುತ್ತದೆ, ಕೂಟದ ಬೆಳಿಗ್ಗೆ ತೆಗೆದರೆ ಆಗುವುದಿಲ್ಲ.

– ಅಥ್ಲೆಟಿಕ್ಸ್ ತರಬೇತುದಾರರು ಮತ್ತು ಕ್ರೀಡಾಕೂಟ ನಿರ್ಣಾಯಕರ ಪರವಾಗಿ,
ಧಾರವಾಡ